ಜೈಲಿನ ಬಾಗಿಲಿಂದ ಮನಿ ಬಾಗಿಲತನಕ

(ಹುಬ್ಬಳ್ಳಿ-ಧಾರವಾಡದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲ್ ಸೇರುವಾಗ ನಾವೆಲ್ಲ ಅರ್ಜಿ ತುಂಬಿದವರೇ. ಅದರಲ್ಲಿ ‘ತಾಯಿಯ ಉದ್ಯೋಗ’ ಅಂತ ಒಂದು ಕಾಲಂ ಇರ್ತದೆ. ಹೆಚ್ಚಿನವರು ಅಲ್ಲಿ ‘ಕೂಲಿ’ ಅಂತ ಬರೀತೀವಿ. ಕೆಲವರು ‘ಮನೆಗೆಲಸ’ ಅಂತ ಬರೀತಾರೆ. ಯಾರ ಮನೆಯ ಕೆಲಸ ಅಂತ ಕಾಲಂ ಕೇಳುವುದಿಲ್ಲ. ಇನ್ನು ಒಬ್ಬಿಬ್ಬರು ಪೆನ್ನು ಹಿಡಿದುಕೊಂಡು ಸುಮ್ಮನೆ ಕೂಡ್ತಾರೆ. ಆಮೇಲೆ ‘ಇಲ್ಲ’ ಅಂತ ಬರೆದು ಕೊಡ್ತಾರೆ. ಉದ್ಯೋಗ ಇಲ್ಲವೋ, ತಾಯಿಯೇ ಇಲ್ಲವೋ, ಓದಿದವರಿಗೆ ತಿಳಿಯುವುದಿಲ್ಲ. ಅಂಥ ಹುಡುಗನ ಅವ್ವ ಒಮ್ಮೊಮ್ಮೆ ಜೈಲಿನಲ್ಲಿ ಇರ್ತಾಳೆ. ಇಲ್ಲವೆ ಜೈಲಿನಿಂದ ಬಂದು ಮನೆಯಲ್ಲಿ ಕೂತಿರ್ತಾಳೆ.

ನೀವು ನಮ್ಮನ್ನು ಕವಿತೆ ಬಗ್ಗೆ ಮಾತಾಡಲು ಕರೆದಿದ್ದೀರಿ. ಅವ್ವನ ಮೇಲೆ ಒಂದು ಪದ್ಯ ಬರೆಯದ ಹುಡುಗ ಈ ಸಭೆಯಲ್ಲಿ ಇರಲಿಕ್ಕಿಲ್ಲ. ಸಗಣಿ ಹಿಡಿದ ಕೈ, ತೇಪೆ ಹಚ್ಚಿದ ಸೀರೆ, ಮಕ್ಕಳಿಗೆ ಉಣಿಸಿ ತಾನು ನೀರು ಕುಡಿದು ಮಲಗುವ ಅವ್ವ, ಇವಳನ್ನು ನಾವು ಬಲ್ಲೆವು, ಹೆಮ್ಮೆಯಿಂದ ಹಾಡ್ತೀವಿ. ಜೈಲು ಕಂಡುಬಂದ ಅವ್ವನ ಮಾತು ಬಂದರೆ ಮಾತ್ರ ನಮ್ಮ ಓಣಿಯೂ ದನಿ ತಗ್ಗಿಸ್ತದೆ. ಆಕಿಯ ಮಾತನ್ನೇ ಇವತ್ತು ಎತ್ತಿಕೊಳ್ಳೋಣ. ಕವಿತೆಗೆ ಇನ್ನೊಂದು ದಿನ ಇದ್ದೇ ಇದೆ.

ನಾವು ಬಲ್ಲ ಒಬ್ಬ ತಾಯಿಯ ವಿಷಯ ಹೇಳ್ತೀವಿ. ಹೆಸರು ಬೇಡ, ಓಣಿಯೂ ಬೇಡ. ಹುಬ್ಬಳ್ಳಿಯಾಕಿ. ಗಂಡ ತೀರಿಕೊಂಡಿದ್ದ. ಮೂರು ಮಕ್ಕಳು: ಹದಿನೈದರ ಮಗಳು, ಹಾಸ್ಟೆಲಿನಲ್ಲಿ ಓದುವ ಹನ್ನೆರಡರ ಮಗ, ಐದು ತುಂಬಿದ ಸಣ್ಣ ಹುಡುಗಿ. ಎರಡು ಮನೆಗಳಲ್ಲಿ ಪಾತ್ರೆ ತಿಕ್ಕಿ, ಅರಿವೆ ಒಗೆದು ಮೂವರನ್ನೂ ಸಾಕುತ್ತಿದ್ದಳು. ಅದರಲ್ಲಿ ಒಂದು ಮನೆಯಲ್ಲಿ ಬಂಗಾರ ಕಳೆಯಿತು. ಆ ಮನೆಗೆ ಬಂದುಹೋಗುವವರು ಹತ್ತು ಮಂದಿ ಇದ್ದರು. ಹೆಸರು ಬಂದದ್ದು ಒಬ್ಬಾಕಿಯದೇ. ಪೋಲೀಸರು ಕರೆದುಕೊಂಡು ಹೋದರು. ಕೇಸಾಯಿತು. ಸಣ್ಣ ಹುಡುಗಿ ಬಿಟ್ಟಿರಲಾರದೆ ಅವ್ವನ ಜೊತೆಗೇ ಜೈಲಿಗೆ ಹೋಯಿತು.

ತಿಂಗಳೊಪ್ಪತ್ತಿನಲ್ಲಿ ಕೋರ್ಟು ಜಾಮೀನು ಕೊಟ್ಟಿತು. ಕೊಟ್ಟರೂ ಆಕಿ ಹೊರಗೆ ಬರಲಿಲ್ಲ. ಯಾಕ? ಜಾಮೀನುದಾರ ಬೇಕು. ಜಾಮೀನುದಾರನ ಹೆಸರಿನಲ್ಲಿ ಹೊಲದ ಉತಾರವೋ ಮನೆಯ ಉತಾರವೋ ಬೇಕು. ಅವಳ ತಮ್ಮ ಓಣಿಯೆಲ್ಲ ಅಲೆದ. ‘ಉತಾರ ಇದ್ದಿದ್ರ ನಾವ್ಯಾಕ ಮಂದಿ ಮನಿ ಮುಸುರಿ ತಿಕ್ಕತಿದ್ವಿ ತಮ್ಮಾ?’ ಅಂದಳು ಒಬ್ಬ ಮುದುಕಿ. ಓಣಿಯಲ್ಲಿ ದುಡಿಯುವ ಕೈ ಇದ್ದವು, ಕೋರ್ಟಿಗೆ ನಡೆಯುವ ಕಾಲು ಇದ್ದವು, ಅಳುವ ಕಣ್ಣೂ ಇದ್ದವು. ಉತಾರ ಇರಲಿಲ್ಲ. ಹೀಗೆ ಜಾಮೀನು ಸಿಕ್ಕ ಹೆಂಗಸು ಹತ್ತು ತಿಂಗಳು ಒಳಗೇ ಉಳಿದಳು. ಮುಂದೆ ಕೇಸು ಬಿದ್ದುಹೋಯಿತು. ನಿರ್ದೋಷಿ ಅಂತ ಬರೆದ ಹಾಳೆ ಕೈಗೆ ಬಂತು.

ಗೆಳೆಯರೇ, ಭೂಮಿಯ ಪ್ರಶ್ನೆ ಜೈಲಿನ ಬಾಗಿಲಲ್ಲೂ ನಿಂತಿರ್ತದೆ ಅನ್ನೋದನ್ನು ಇಲ್ಲಿ ನೋಡಿರಿ. ಹೊಲ ಇದ್ದವನಿಗೆ ಜಾಮೀನು ಅಂದರೆ ಬಿಡುಗಡೆ. ಹೊಲ ಇಲ್ಲದವನಿಗೆ ಜಾಮೀನು ಅಂದರೆ ಒಂದು ಕಾಗದ. 1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟರು ಅವನಿಗೆ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಆ ಜಾಮೀನನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇದು ಬಡವನ ಮೇಲಿನ ಅನ್ಯಾಯ ಅಂತ ಹೇಳಿ, ಅವನ ಸ್ವಂತ ಮುಚ್ಚಳಿಕೆಯ ಮೇಲೆ, 1,000 ರೂಪಾಯಿಗೆ ಬಿಡಿಸಿದರು. ತೀರ್ಪು ಬಂದು ನಾಲ್ಕು ದಶಕ ದಾಟಿದವು. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು ಸುಮಾರು 5.73 ಲಕ್ಷ ಮಂದಿ. ಅವರೊಳಗೆ ಸುಮಾರು 4.34 ಲಕ್ಷ ಮಂದಿ ಇನ್ನೂ ವಿಚಾರಣೆಯಲ್ಲಿದ್ದವರು, ಅಂದರೆ ತಪ್ಪಿತಸ್ಥರು ಅಂತ ಯಾವ ಕೋರ್ಟೂ ಹೇಳದವರು. ಹೆಂಗಸರು 23,000ಕ್ಕೂ ಮೇಲೆ. ಅವರ ಜೊತೆಗೆ ಒಳಗಿದ್ದ ಮಕ್ಕಳು 1,700ಕ್ಕೂ ಹೆಚ್ಚು. ಸರ್ಕಾರವೇ ಪ್ರಕಟಿಸಿದ ಲೆಕ್ಕ ಇದು.

ಈಗ ಆ ತಾಯಿಯ ಕಡೆ ಬರೋಣ. ಆಕಿ ಒಳಗಿದ್ದಾಗಲೇ ಸಣ್ಣ ಹುಡುಗಿಗೆ ಆರು ತುಂಬಿತು. ಆರು ತುಂಬಿದ ಮಗು ತಾಯಿಯ ಜೊತೆ ಜೈಲಿನಲ್ಲಿ ಇರುವಂತಿಲ್ಲ. ಅಜ್ಜಿ ಬಂದು ಹಳ್ಳಿಗೆ ಕರೆದುಕೊಂಡು ಹೋದಳು. ದೊಡ್ಡ ಮಗಳು ಶಾಲೆ ಬಿಟ್ಟಳು. ಅಮರಗೋಳದ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುವ ಕೂಲಿಗೆ ನಿಂತಳು. ಮಗ ಹಾಸ್ಟೆಲಿನಲ್ಲಿ ‘ನಮ್ಮವ್ವ ಗೋವಾಕ್ಕ ದುಡಿಯಾಕ ಹೋಗ್ಯಾಳ’ ಅಂತ ಹೇಳಿಕೊಂಡಿದ್ದ. ಬಾಡಿಗೆ ಖೋಲಿ ಬೇರೆಯವರ ಪಾಲಾಯಿತು. ಪಾತ್ರೆ ಪಗಡ ಒಂದು ಗೋಣಿಚೀಲದಲ್ಲಿ ತಮ್ಮನ ಮನೆಯ ಮೂಲೆ ಸೇರಿದವು.

ಬಿಡುಗಡೆಯ ದಿನ ಸಂಭ್ರಮ ಇರ್ತದೆ ಅಂತ ನಾವು ಸಿನಿಮಾ ನೋಡಿ ತಿಳಿದಿರ್ತೀವಿ. ಆಕಿ ಹೊರಗೆ ಬಂದಾಗ ಕೈಯಲ್ಲಿ ಒಂದು ಗಂಟು, ಜೊತೆಗೆ ತಮ್ಮ ಒಬ್ಬನೇ. ‘ಮನಿಗೆ ಹೋಗೂಣು’ ಅಂದ. ‘ಯಾವ ಮನಿಗೆ?’ ಅಂದಳು. ಕೇಳಿದ್ದು ಸಿಟ್ಟಿನಿಂದ ಅಲ್ಲ, ಆಕಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ತಮ್ಮನ ಮನೆಯಲ್ಲಿ ಮೊದಲ ದಿನ ದೊಡ್ಡ ಮಗಳು ಒಲೆಯ ಮುಂದೆ ಕೂತಿದ್ದಳು. ಅವ್ವ ಬಂದಳು ಅಂತ ಏಳಲಿಲ್ಲ. ಹನ್ನೊಂದು ತಿಂಗಳು ಆ ಹುಡುಗಿ ತಾನೇ ದುಡಿದು ತಂದು, ತಾನೇ ರೊಟ್ಟಿ ಬಡಿದಿದ್ದಳು, ಹಳ್ಳಿಯ ತಂಗಿಗೆ ರೊಕ್ಕ ಕಳಿಸಿದ್ದಳು. ಮನೆಯ ಯಜಮಾನಿಕೆ ಕೈಯಲ್ಲಿ ಗಟ್ಟಿಯಾಗಿತ್ತು, ಜೊತೆಗೆ ಸಿಟ್ಟೂ ಗಟ್ಟಿಯಾಗಿತ್ತು. ಅವ್ವ ನೋಡಿದಳು. ‘ಒಲಿ ನಿನ್ನ ಕೈಯಾಗ ಇರ್ಲಿ ಮಗಳ, ನಾ ನೀರು ತರ್ತೀನಿ’ ಅಂದು ಕೊಡ ಎತ್ತಿಕೊಂಡಳು. ಒಂದೂವರೆ ತಿಂಗಳು ನೀರೇ ತಂದಳು. ಒಂದು ಸಂಜೆ ಮಗಳು ಯಾರ್ಡಿನಿಂದ ಬರಲು ತಡವಾಯಿತು. ಬಂದು ನೋಡಿದರೆ ಅವ್ವ ಹಿಟ್ಟು ನಾದಿ ಇಟ್ಟು ಕೂತಿದ್ದಾಳೆ, ರೊಟ್ಟಿ ಬಡಿದಿಲ್ಲ. ‘ಬಡದಬಿಡವಾ, ಕಾಯ್ಕೋತ ಯಾಕ ಕುಂತಿ’ ಅಂದಳು ಮಗಳು. ಅವತ್ತಿನ ರೊಟ್ಟಿಯನ್ನು ಅವ್ವ ಬಡಿದಳು.

ಸಂಸಾರ ಮತ್ತೆ ಕಟ್ಟುವುದು ಅಂದರೆ ಏನು ಅಂತ ಪುಸ್ತಕದಲ್ಲಿ ಹುಡುಕುವವರು ಈ ಒಲೆಯ ಮಾತನ್ನು ನೆನಪಿಟ್ಟುಕೊಳ್ಳಿರಿ. ‘ನಾನು ತಾಯಿ, ನನ್ನ ಜಾಗ ಬಿಡು’ ಅಂತ ಆಕಿ ಬಾಯಿ ಮಾಡಲಿಲ್ಲ. ತಾನಿಲ್ಲದಾಗ ಮಕ್ಕಳು ಹೇಗೆ ಬದುಕಿದರೋ ಆ ಬದುಕಿಗೆ ಮರ್ಯಾದೆ ಕೊಟ್ಟಳು. ಸಣ್ಣ ಹುಡುಗಿಯ ವಿಷಯ ಇನ್ನೂ ಕಠಿಣ. ಹಳ್ಳಿಗೆ ಹೋದರೆ ಅದು ಅಜ್ಜಿಯ ಸೆರಗಿನ ಹಿಂದೆ ಸರಿಯಿತು. ಜೈಲಿನ ಗೇಟಿನಲ್ಲಿ ಕೈ ಬಿಡಿಸಿ ಕಳಿಸಿದ ಅವ್ವನನ್ನು ಮಗು ನೆನಪಿಟ್ಟಿತ್ತು. ಕಳಿಸಿದ್ದು ಕಾನೂನು ಅಂತ ಆರು ವರ್ಷದ ಕೂಸಿಗೆ ಯಾರು ತಿಳಿಸಿ ಹೇಳಬೇಕು? ಆಕಿ ವಾರಕ್ಕೊಮ್ಮೆ ಹಳ್ಳಿಗೆ ಹೋಗಿ ಕಟ್ಟೆಯ ಮೇಲೆ ಕೂತು ಬರತೊಡಗಿದಳು. ಕರೆಯಲಿಲ್ಲ, ಎಳೆಯಲಿಲ್ಲ. ಚುರುಮುರಿ ಪೊಟ್ಟಣ ಪಕ್ಕಕ್ಕೆ ಇಟ್ಟುಕೊಂಡು ಕೂಡ್ತಿದ್ದಳು. ಎಷ್ಟೋ ವಾರದ ಮೇಲೆ ಹುಡುಗಿ ತಾನೇ ಬಂದು ಪೊಟ್ಟಣ ಬಿಚ್ಚಿತು.

ಕೆಲಸದ ಗತಿ ಏನು? ಕೋರ್ಟು ನಿರ್ದೋಷಿ ಅಂದದ್ದನ್ನು ಯಾವ ಮನೆಯೂ ಕೇಳಿಸಿಕೊಳ್ಳಲಿಲ್ಲ. ‘ಸುಮ್ ಸುಮ್ನ ಪೋಲೀಸ್ರು ಹಿಡೀತಾರೇನು?’ ಈ ಒಂದು ಮಾತಿಗೆ ಮೇಲ್ಮನವಿ ಇಲ್ಲ. ಕಡೆಗೆ ಮಗಳು ಕೂಲಿ ಮಾಡುವ ಯಾರ್ಡಿಗೇ ತಾಯಿಯೂ ಹೋದಳು. ಇಬ್ಬರೂ ಒಂದೇ ರಾಶಿಯ ಮುಂದೆ ಕೂತು ಉಳ್ಳಾಗಡ್ಡಿ ಆರಿಸಿದರು. ಮುಂದಿನ ಜೂನಿನಲ್ಲಿ ಮಗಳು ಮತ್ತೆ ಶಾಲೆಗೆ ಹೆಸರು ಹಚ್ಚಿದಳು. ‘ಇನ್ನ ನಾ ಒಬ್ಬಾಕಿನ ಆರಸ್ತೀನಿ, ನೀ ಓದು’ ಅಂದಿದ್ದಳು ಅವ್ವ.

ಈ ‘ಸುಮ್ ಸುಮ್ನ ಹಿಡೀತಾರೇನು’ ಅನ್ನುವ ಮಾತು ಎಲ್ಲಿಂದ ಬಂತು? ನಮ್ಮ ಹುಬ್ಬಳ್ಳಿಯಲ್ಲೇ ಅದಕ್ಕೊಂದು ಇತಿಹಾಸ ಇದೆ. ಸೆಟ್ಲಮೆಂಟ್ ಅಂತ ಒಂದು ಜಾಗದ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಬಸ್ಸಿನಲ್ಲಿ ಕಂಡಕ್ಟರ್ ಕೂಗುವ ಹೆಸರು ಅಂತಲೇ ಬಹಳ ಮಂದಿ ತಿಳಿದಿದ್ದಾರೆ. ಅದು ಬ್ರಿಟಿಷರು ತಂತಿಬೇಲಿ ಹಾಕಿ ಕಟ್ಟಿದ ಬಯಲು ಜೈಲು. 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. 1911ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ ದೇಶಕ್ಕೆಲ್ಲ ಹರಡಿದರು. ಹುಟ್ಟಿನಿಂದಲೇ ಕಳ್ಳರು ಅಂತ ಇಡೀ ಜಾತಿಗಳ ಹೆಸರನ್ನು ಪಟ್ಟಿಗೆ ಬರೆದರು. ಮುಂಬಯಿ ಪ್ರಾಂತದಲ್ಲಿ ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಕೈಕೆಳಗೆ ಸೆಟ್ಲಮೆಂಟುಗಳು ನಡೆದವು. ಹುಬ್ಬಳ್ಳಿಯದೂ ಅವುಗಳಲ್ಲಿ ಒಂದು. ಬೇಲಿಯೊಳಗಿನವರು ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು. ರೇಲ್ವೆ ವರ್ಕ್‌ಶಾಪಿಗೆ, ಗಿರಣಿಗೆ ದುಡಿಯಲು ಹೋಗಿ ಹೊತ್ತಿಗೆ ಸರಿಯಾಗಿ ಬೇಲಿಯೊಳಗೆ ಬರಬೇಕು. ಮಕ್ಕಳನ್ನು ತಾಯಿತಂದೆಯಿಂದ ಬೇರೆ ಮಾಡಿ ಸುಧಾರಣೆಯ ಶಾಲೆಗೆ ಹಾಕುವ ಅಧಿಕಾರವನ್ನೂ ಆ ಕಾಯ್ದೆ ಸರ್ಕಾರಕ್ಕೆ ಕೊಟ್ಟಿತ್ತು. ಯಾವ ತಪ್ಪಿಗೆ? ಆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ತಪ್ಪಿಗೆ.

1952ರ ಆಗಸ್ಟ್ 31ರಂದು ಆ ಕಾಯ್ದೆ ದೇಶದಲ್ಲಿ ರದ್ದಾಯಿತು. ಹೆಸರು ಹೋಯಿತೇ? ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ಗಂಟಿಚೋರ್ ಅಂತ ಒಂದು ಜಾತಿ ಇದೆ. ಚೋರ್ ಅನ್ನುವ ಶಬ್ದ ಇರುವ ಜಾತಿ ಪ್ರಮಾಣಪತ್ರವನ್ನು ಹಿಡಿದುಕೊಂಡೇ ಆ ಹುಡುಗ ಫೀಸು ಮಾಫಿ ಕೇಳಬೇಕು, ಹಾಸ್ಟೆಲ್ ಕೇಳಬೇಕು. 1961ರಲ್ಲಿ ನಮ್ಮ ರಾಜ್ಯಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆ ಬಂತು. ಹೊಸ ಕಾಯ್ದೆಯಲ್ಲಿ ಜಾತಿಯ ಹೆಸರಿಲ್ಲ. ಪೋಲೀಸ್ ಠಾಣೆಯ ನೆನಪಿನಲ್ಲಿ ಜಾತಿ ಉಳಿಯಿತು. ಕೋರ್ಟು ಕೊಡುವ ಶಿಕ್ಷೆಗೆ ತಾರೀಖು ಇರ್ತದೆ ಗೆಳೆಯರೇ, ಇಂಥ ದಿನ ಮುಗಿಯಿತು ಅಂತ ರಜಿಸ್ಟರಿನಲ್ಲಿ ಬರೀತಾರೆ. ಊರು ಕೊಡುವ ಶಿಕ್ಷೆಗೆ ತಾರೀಖಿಲ್ಲ. ಸೆಟ್ಲಮೆಂಟಿನ ತಂತಿ ಕಿತ್ತು ಎಪ್ಪತ್ತು ವರ್ಷದ ಮೇಲಾಯಿತು, ಅಲ್ಲಿಯವರಿಗೆ ಬಾಡಿಗೆ ಮನೆ ಕೊಡುವಾಗ ಊರು ಇನ್ನೂ ಮಾರಿ ನೋಡ್ತದೆ. ಹನ್ನೊಂದು ತಿಂಗಳು ಜೈಲಿನಲ್ಲಿದ್ದ ನಮ್ಮ ಅವ್ವನ ಗತಿಯೂ ಇದೇ ಲೆಕ್ಕದ್ದು.

ಇದೇ ನೆಲದ ಇನ್ನೊಂದು ಸಂಗತಿಯನ್ನೂ ತಿಳಿದಿರಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ಆ ತುದಿಯಲ್ಲಿ ತಂತಿಬೇಲಿ ಇದ್ದ ಕಾಲದಲ್ಲೇ ಈ ತುದಿಯಲ್ಲಿ ಬಾಬಾಸಾಹೇಬ ಅಂಬೇಡ್ಕರರು 1920ರ ದಶಕದ ಕೊನೆಗೆ ನಮ್ಮ ಮಕ್ಕಳಿಗಾಗಿ ವಸತಿಗೃಹ ತೆರೆಸಿದರು. ಪನವೇಲ, ಠಾಣೆ, ನಾಸಿಕ, ಪುಣೆಗಳ ಜೊತೆಗೆ ಧಾರವಾಡಕ್ಕೂ ಒಂದು. 1928ರಲ್ಲಿ ದಲಿತರ, ಬುಡಕಟ್ಟಿನವರ ಸ್ಥಿತಿ ನೋಡಲು ಮುಂಬಯಿ ಸರ್ಕಾರ ನೇಮಿಸಿದ ಸಮಿತಿಗೆ ಅದೇ ಸ್ಟಾರ್ಟ್ ಅಧ್ಯಕ್ಷ, ಅಂಬೇಡ್ಕರರು ಅದರ ಸದಸ್ಯರು. 1930ರಲ್ಲಿ ವರದಿ ಬಂತು. ಎರಡೂ ಕಡೆ ಮಕ್ಕಳು ಮನೆ ಬಿಟ್ಟು ಇರುವುದೇ. ಒಂದರಲ್ಲಿ ತಾಯಿಯ ಹೆಸರು ಕೆಟ್ಟದ್ದು ಅಂತ ಮಗುವನ್ನು ಕಿತ್ತುಕೊಂಡರು. ಇನ್ನೊಂದರಲ್ಲಿ ತಾಯಿಯ ಹೆಸರನ್ನು ಎತ್ತಿ ಹಿಡಿಯಲಿ ಅಂತ ಮಗುವನ್ನು ಓದಿಗೆ ಕರೆದರು. ನಾವು ಎರಡನೆಯ ಮನೆಯ ಮಕ್ಕಳು. ಅವ್ವನನ್ನು ಮುಚ್ಚಿಟ್ಟು ಓದುವುದಾದರೆ ನಮ್ಮ ಹಾಸ್ಟೆಲಿಗೂ ಆ ಬೇಲಿಗೂ ಏನು ಅಂತರ ಉಳೀತು?

ಜೈಲಿಗೆ ಹೋಗಿ ಬಂದವರಿಗೆ ಹಾರ ಹಾಕಿದ ಊರೂ ಇದೇ ಹುಬ್ಬಳ್ಳಿ. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಅಂದರೆ ಮಾನ. ಉಮಾಬಾಯಿ ಕುಂದಾಪುರ ಅವರ ಹೆಸರು ಕೇಳಿದ್ದೀರಿ. ಎಳೆಯ ವಯಸ್ಸಿಗೇ ವಿಧವೆಯಾದವರು, ಡಾ. ಹರ್ಡೀಕರ್ ಅವರ ಹಿಂದುಸ್ತಾನಿ ಸೇವಾದಳದಲ್ಲಿ ಹೆಂಗಸರನ್ನು ಸಂಘಟಿಸಿದವರು. 1932ರಲ್ಲಿ ಅವರನ್ನು ಯರವಡಾ ಜೈಲಿಗೆ ಹಾಕಿದರು. ನಾಲ್ಕು ತಿಂಗಳ ಮೇಲೆ ಹೊರಬಂದರೆ, ಮಗಳಂತೆ ನೋಡಿಕೊಂಡಿದ್ದ ಮಾವ ಆನಂದರಾಯರು ತೀರಿಕೊಂಡಿದ್ದರು. ಕರ್ನಾಟಕ ಪ್ರೆಸ್ ಜಪ್ತಿಯಾಗಿತ್ತು. ತಿಲಕ್ ಕನ್ಯಾಶಾಲೆಗೆ ಬೀಗ ಬಿದ್ದಿತ್ತು. ಅವರು ನಡೆಸುತ್ತಿದ್ದ ಭಗಿನಿ ಮಂಡಲವನ್ನು ಕಾನೂನುಬಾಹಿರ ಅಂತ ಸಾರಿದ್ದರು. ಇಷ್ಟೆಲ್ಲ ಕಳೆದುಕೊಂಡು ಉಳಿದ ಒಂದು ಪುಟ್ಟ ಮನೆಯಲ್ಲಿ ಉಮಾಬಾಯಿ ಮಾಡಿದ್ದೇನು? ಚಳವಳಿಯಲ್ಲಿ ಜೈಲಿಗೆ ಹೋದ ಹೆಂಗಸರಲ್ಲೂ ಎಷ್ಟೋ ಮಂದಿಗೆ ಅವರ ಮನೆಯವರೇ ಬಾಗಿಲು ತೆರೆಯಲಿಲ್ಲ. ಅಂಥವರಿಗೆ ಆ ಪುಟ್ಟ ಮನೆ ಆಸರೆ ಆಯಿತು.

ಇದರಲ್ಲಿ ಎರಡು ಮಾತು ಇವೆ. ದೇಶಕ್ಕಾಗಿ ಜೈಲಿಗೆ ಹೋದ, ಮೇಲುಜಾತಿಯ ಮನೆಯ ಹೆಂಗಸಿಗೂ ಹಿಂತಿರುಗಿ ಬರುವ ದಾರಿ ಸಲೀಸು ಇರಲಿಲ್ಲ. ಗಂಡಸು ಬಂದರೆ ಮೆರವಣಿಗೆ, ಹೆಂಗಸು ಬಂದರೆ ‘ರಾತ್ರಿ ಎಲ್ಲಿದ್ದಿ’ ಅನ್ನುವ ಪ್ರಶ್ನೆ. ಹಾಗಿದ್ದರೆ ಕಳವಿನ ಕೇಸಿನಲ್ಲಿ ಹೋಗಿ ಬಂದ ನಮ್ಮ ಕೇರಿಯ ಹೆಂಗಸಿನ ಗತಿ ಏನಾಗಬೇಕು, ನೀವೇ ಯೋಚಿಸಿರಿ. ಇನ್ನೊಂದು ಮಾತು, ಒಂದೇ ಒಂದು ತೆರೆದ ಬಾಗಿಲಿನಿಂದ ಎಷ್ಟು ಜನರ ಬದುಕು ಮತ್ತೆ ಶುರು ಆಗಬಹುದು ಅನ್ನುವುದು. ಉಮಾಬಾಯಿಯವರ ಹತ್ತಿರ ಆಗ ಹೆಚ್ಚಿನ ಹಣ ಇರಲಿಲ್ಲ, ಅಧಿಕಾರ ಇರಲಿಲ್ಲ. ಬಾಗಿಲು ಇತ್ತು, ತೆರೆದರು.

ನಮ್ಮಲ್ಲಿ ಒಬ್ಬ ಎದ್ದು ಕೇಳಬಹುದು: ‘ನೀವು ಹೇಳಿದಾಕಿ ನಿರ್ದೋಷಿ, ಸರಿ. ನಿಜವಾಗಿ ತಪ್ಪು ಮಾಡಿ ಶಿಕ್ಷೆ ಅನುಭವಿಸಿ ಬಂದಾಕಿ ಇದ್ದರೆ?’ ಕೇಳಲೇಬೇಕಾದ ಪ್ರಶ್ನೆ. ಆಕಿ ಶಿಕ್ಷೆ ಮುಗಿಸಿದ್ದಾಳೆ ಅಂದರೆ ಲೆಕ್ಕ ಮುಗಿದಿದೆ. ಕೋರ್ಟು ಐದು ವರ್ಷ ಅಂದರೆ ಐದು ವರ್ಷ. ಆರನೇ ವರ್ಷದ ಶಿಕ್ಷೆ ಕೊಡಲು ನಾವು ಯಾರು? ಆಕಿಯ ಮಕ್ಕಳಿಗಂತೂ ಒಂದು ದಿನದ ಶಿಕ್ಷೆಯನ್ನೂ ಯಾವ ನ್ಯಾಯಾಧೀಶನೂ ಬರೆದಿಲ್ಲ. ಅವ್ವನ ಕೇಸು ಮಗನ ಕೇಸಲ್ಲ. ತಾಯಿ ಮಾಡಿದ್ದರಿಂದ ಮಗಳಿಗೆ ನೋವಾಗಿದ್ದರೆ ಸಿಟ್ಟು ಮಾಡುವ ಹಕ್ಕು ಆ ಮಗಳದು, ಓಣಿಯದಲ್ಲ. ನಾವು ಅವ್ವನನ್ನು ದೇವರು ಮಾಡಿ ಪದ್ಯ ಕಟ್ಟುವುದರಲ್ಲೂ ಒಂದು ಅಪಾಯ ಇದೆ. ದೇವರಾದಾಕಿ ತಪ್ಪು ಮಾಡುವ ಹಾಗಿಲ್ಲ, ಸುಸ್ತಾಗುವ ಹಾಗಿಲ್ಲ, ಜೈಲಿಗೆ ಹೋಗುವ ಹಾಗೂ ಇಲ್ಲ. ಅವ್ವ ಮನುಷ್ಯಳು. ಜೈಲಿನಿಂದ ಬಂದ ಮೇಲೆ ರಾತ್ರಿ ನಿದ್ದೆ ಬಾರದೆ ಕೂಡ್ತಾಳೆ, ಬಾಗಿಲು ಬಡಿದ ಸಪ್ಪಳಕ್ಕೆ ಬೆಚ್ಚಿಬೀಳ್ತಾಳೆ, ಸಣ್ಣ ಮಾತಿಗೆ ರೇಗ್ತಾಳೆ. ಅದನ್ನೂ ತಾಳಿಕೊಳ್ಳಬೇಕು.

ಕಾನೂನು ಏನು ಹೇಳ್ತದೆ ಅನ್ನುವುದನ್ನು ಓದಿದ ನಾವು ಬಾಯಿಪಾಠ ಇಟ್ಟುಕೊಳ್ಳಬೇಕು, ನಮ್ಮವರಿಗೆ ಹೇಳಬೇಕು. ಬರೆದುಕೊಳ್ಳಿರಿ.

ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದ್ದು: ತಾಯಿಯ ಜೊತೆ ಜೈಲಿನಲ್ಲಿರುವ ಮಗು ಕೈದಿಯಲ್ಲ. ಅದಕ್ಕೆ ಊಟ, ಔಷಧಿ, ಬಟ್ಟೆ, ಓದು, ಆಟ ಹಕ್ಕಿನಿಂದ ಸಿಗಬೇಕು. ಜೈಲಿನಲ್ಲಿ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಜೈಲು ಅಂತ ಬರೆಯಕೂಡದು. ಆರು ವರ್ಷದವರೆಗೆ ತಾಯಿಯ ಜೊತೆ ಇರಬಹುದು. ಆಮೇಲೆ ತಾಯಿಯ ಇಚ್ಛೆಯಂತೆ ಹತ್ತಿರದವರಿಗೆ ಒಪ್ಪಿಸಬೇಕು, ಯಾರೂ ಇಲ್ಲದಿದ್ದರೆ ಮಕ್ಕಳ ಸಂಸ್ಥೆಗೆ ಕಳಿಸಬೇಕು. ಸಂಸ್ಥೆಗೆ ಕಳಿಸಿದರೂ ವಾರಕ್ಕೆ ಒಮ್ಮೆಯಾದರೂ ತಾಯಿಯನ್ನು ಭೇಟಿ ಮಾಡಿಸಬೇಕು.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಪರಿಶಿಷ್ಟ ಜಾತಿ, ಪಂಗಡದವರಿಗೆ, ಹೆಂಗಸರಿಗೆ, ಬಂಧನದಲ್ಲಿ ಇರುವವರಿಗೆ ಪುಕ್ಕಟೆ ವಕೀಲರು ಸಿಗಬೇಕು. ನಮ್ಮ ಅವ್ವ ಈ ಮೂರೂ ಆಗಿರ್ತಾಳೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಆದೇಶ ಮಾಡಿತು. ಜಾಮೀನು ಸಿಕ್ಕು ಏಳು ದಿನವಾದರೂ ಕೈದಿ ಹೊರಗೆ ಬರದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನುದಾರ ಸಿಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟು ಯೋಚಿಸಬಹುದು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ಅದರಲ್ಲಿ ವಿಚಾರಣೆಯಲ್ಲಿ ಇರುವವರ ಜಾಮೀನಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದೆ ಉಳಿದವರಿಗೆ 25,000 ರೂಪಾಯಿವರೆಗೆ ಜಿಲ್ಲಾ ಸಮಿತಿ ಕೊಡಿಸಬಹುದು ಅಂತ ಆಗ ಗೊತ್ತುಮಾಡಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಮೊದಲ ಸಲ ಕೇಸಿಗೆ ಸಿಕ್ಕವರು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಅವರನ್ನು ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸು ನಡೆಯುತ್ತಿರುವವರಿಗೆ ಇದು ಅನ್ವಯಿಸುವುದಿಲ್ಲ.

ಇನ್ನು ಜಾತಿ. ಜೈಲಿನೊಳಗೂ ಕಸಬರಿಗೆ ಯಾರ ಕೈಗೆ, ಸೌಟು ಯಾರ ಕೈಗೆ ಅಂತ ಜಾತಿ ನೋಡಿ ಹಂಚುವ ನಿಯಮಗಳು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಅಚ್ಚಾಗಿಯೇ ಇದ್ದವು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಅವನ್ನು ಹುಡುಕಿ ಬರೆದು, ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಅಂಥ ನಿಯಮಗಳನ್ನು ಸಂವಿಧಾನ ವಿರೋಧಿ ಅಂತ ತೆಗೆದುಹಾಕಿತು. ಜೈಲಿನ ರಜಿಸ್ಟರಿನಿಂದ ಜಾತಿಯ ಕಾಲಂ ಅಳಿಸಬೇಕು ಅಂತ ಆದೇಶ ಮಾಡಿತು. ಸೆಟ್ಲಮೆಂಟಿನ ಮಕ್ಕಳಂಥ ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಹಿಡಿಯಕೂಡದು ಅಂತಲೂ ಹೇಳಿತು. ತೀರ್ಪು ಕಾಗದದ ಮೇಲೆ ಬಂದಿದೆ. ಧಾರವಾಡದ ಕೇಂದ್ರ ಕಾರಾಗೃಹದಲ್ಲಿ, ಬೆಳಗಾವಿಯ ಹಿಂಡಲಗಾದಲ್ಲಿ, ಹುಬ್ಬಳ್ಳಿಯ ಉಪಕಾರಾಗೃಹದಲ್ಲಿ ಅದರಂತೆ ನಡೆಯುತ್ತಿದೆಯೇ ಅಂತ ಕೇಳಬೇಕಾದವರು ನಾವು.

ಕಾನೂನು ಗೇಟಿನತನಕ ಬರ್ತದೆ. ಗೇಟಿನಿಂದ ಮನೆಯತನಕ ನಾವು ಬರಬೇಕು. ಕೆಲಸ ಬಹಳ ದೊಡ್ಡದೇನಲ್ಲ. ಅವ್ವ ಒಳಗಿದ್ದಾಗ ತಮ್ಮತಂಗಿಯರನ್ನು ಭೇಟಿಗೆ ಕರೆದುಕೊಂಡು ಹೋಗಬೇಕು. ಆರು ತುಂಬಿ ಹೊರಬಂದ ಮಗು ಅವ್ವನ ಮುಖ ಮರೆಯಬಾರದು. ಅಕ್ಷರ ಬಾರದ ಅವ್ವನಿಗೂ ಪತ್ರ ಬರೆಯಿರಿ, ಓದಿ ಹೇಳುವವರು ಒಳಗೆ ಇರ್ತಾರೆ. ರೇಷನ್ ಕಾರ್ಡಿನ ಯಜಮಾನಿ ಹೆಚ್ಚಾಗಿ ಅವ್ವನೇ ಆಗಿರ್ತಾಳೆ. ಆಕಿ ಒಳಗೆ ಹೋದ ದಿನದಿಂದ ಕಾರ್ಡು ಸತ್ತುಹೋಗದಂತೆ ಓಣಿಯ ಹಿರಿಯರು ನೋಡಿಕೊಳ್ಳಬೇಕು. ಜೈಲಿನಲ್ಲಿರುವವರೆಗೆ ಮತ ಹಾಕುವಂತಿಲ್ಲ. ಬಿಡುಗಡೆಯಾಗಿ ಬಂದಾಕಿಗೆ ‘ನಿನ್ನ ಓಟು ನಿನಗ ವಾಪಸ್ ಬಂದೈತೆವಾ’ ಅಂತ ಹೇಳಿ ಯಾದಿಯಲ್ಲಿ ಹೆಸರು ಇದೆಯೇ ಅಂತ ನೋಡಿಕೊಡಿರಿ. ನಿರ್ದೋಷಿ ಅಂತಾದರೆ ಆ ತೀರ್ಪಿನ ಪ್ರತಿಯನ್ನು ಕನ್ನಡದಲ್ಲಿ ಓದಿ ಓಣಿಗೆ ಕೇಳಿಸಿರಿ. ಆರೋಪ ಬಂದ ದಿನ ಓಣಿಯೆಲ್ಲ ಗೊತ್ತಾಗಿತ್ತಲ್ಲ? ಬಿಡುಗಡೆಯೂ ಅಷ್ಟೇ ಗಟ್ಟಿಯಾಗಿ ಗೊತ್ತಾಗಲಿ.

ಹಾಸ್ಟೆಲಿನ ಮಾತು ಉಳೀತು. ಆ ತಾಯಿ ಬಿಡುಗಡೆಯಾಗಿ ತಿಂಗಳ ಮೇಲೆ ಮಗನನ್ನು ನೋಡಲು ಹಾಸ್ಟೆಲಿಗೆ ಬಂದಳು. ಗೇಟಿನ ಹೊರಗೇ ನಿಂತಳು. ಗೇಟು ಅಂದರೆ ಆಕಿಗೆ ಕಾಲು ನಡುಗುತ್ತಿತ್ತು. ಮಗ ಮಾಡಿನ ಮೇಲಿಂದ ನೋಡಿದ, ಕೆಳಗೆ ಇಳಿಯಲಿಲ್ಲ. ಗೋವಾದ ಕಥೆ ಹೇಳಿದ್ದನಲ್ಲ, ಹೇಗೆ ಇಳಿದಾನು? ಅವನ ಖೋಲಿಯ ಇನ್ನೊಬ್ಬ ಹುಡುಗನಿಗೆ ವಿಷಯ ಮೊದಲೇ ಗೊತ್ತಿತ್ತು, ಬಾಯಿ ಬಿಟ್ಟಿರಲಿಲ್ಲ. ಅವನು ಹೋಗಿ ಆಕಿಯ ಕೈಯೊಳಗಿನ ಚೀಲ ಇಸಿದುಕೊಂಡ. ‘ಬರ್ರಿ ಅವ್ವಾರ, ಒಳಗ ಬರ್ರಿ, ಊಟದ ಹೊತ್ತಾಗೇದ’ ಅಂದ. ಮಕ್ಕಳ ಸಾಲಿನಲ್ಲಿ ಕೂರಿಸಿ ತಾನೇ ಅನ್ನ ಬಡಿಸಿದ. ಯಾರೂ ಏನೂ ಕೇಳಲಿಲ್ಲ. ಅನ್ನದ ಮೇಲೆ ಸಾರು ಬೀಳುವ ಹೊತ್ತಿಗೆ ಮಗ ಬಂದು ಅವ್ವನ ಪಕ್ಕ ಕೂತ.

ಆ ಹುಡುಗ ಭಾಷಣ ಮಾಡಲಿಲ್ಲ. ಕೈಚೀಲ ಹಿಡಿದ, ಅಷ್ಟೇ. ನಿಮ್ಮ ಪಕ್ಕದ ಹಾಸಿಗೆಯ ಹುಡುಗ ರಜೆಗೆ ಊರಿಗೆ ಹೋಗದೆ ಉಳಿದರೆ, ಅವ್ವನ ಮಾತು ಬಂದಾಗ ಎದ್ದು ನೀರು ಕುಡಿಯಲು ಹೋದರೆ, ಬೆನ್ನು ಹತ್ತಿ ಕೇಳಬೇಡಿ. ಅವನಾಗಿ ಹೇಳಿದ ದಿನ ‘ಬರೋ ಐತವಾರ ನಾನೂ ಬರ್ತೀನಿ ಭೇಟಿಗೆ’ ಅಂತ ಹೇಳಿರಿ. ಅರ್ಜಿಯಲ್ಲಿ ‘ಇಲ್ಲ’ ಅಂತ ಬರೆದವನು ಆವತ್ತಿನಿಂದ ಬೇರೆ ಶಬ್ದ ಹುಡುಕಿಕೊಳ್ಳುತ್ತಾನೆ.

ಬರುವ ಆಗಸ್ಟ್ 31ಕ್ಕೆ ನಾವು ಕೆಲವರು ಸೆಟ್ಲಮೆಂಟಿಗೆ ಹೋಗಿ ಅಲ್ಲಿಯ ಹಿರಿಯ ತಾಯಂದಿರ ಮಾತು ಕೇಳಿ ಬರೆದುಕೊಳ್ಳಬೇಕು ಅಂತ ಮಾಡಿದ್ದೇವೆ. ಪೆನ್ನು, ನೋಟ್‌ಬುಕ್ಕು ತನ್ನಿರಿ. ಬಸ್ಸಿನ ಚಾರ್ಜು ಇಲ್ಲದವರು ಇವತ್ತೇ ಹೇಳಿರಿ, ಕೂಡಿಸಿ ಕೊಡೋಣ.

ಜೈಭೀಮ್.